ಒರೆಸಿ ಹಾಕಿದ ದೂರುಗಳು

ಆ ಬೀದಿಯಲ್ಲಿ ಇನ್‌ಸ್ಪೆಕ್ಟರು ಎಂದರೆ ಪೊಲೀಸ್ ಠಾಣೆಯವರಲ್ಲ, ಗಾಜಿನ ಅಂಗಡಿಯ ಯಜಮಾನರು. ಅವರ ನಿಜವಾದ ಹೆಸರು ಅಂಗಡಿಯ ಬೋರ್ಡಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಅದನ್ನು ಓದುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಈ ಬಿರುದನ್ನು ದಯಪಾಲಿಸಿದವನು ಎದುರು ಸಾಲಿನ ಟೈಲರು. ಒಮ್ಮೆ ಅಳತೆಯ ಟೇಪು ಕಾಣೆಯಾಯಿತೆಂದು ಅವರು ಅಂಗಡಿಯನ್ನೆಲ್ಲ ತಲೆಕೆಳಗು ಮಾಡಿ, ಕೊನೆಗೆ ಬೀದಿ ದಾಟಿ ಬಂದು ಟೈಲರನ ಮೇಜಿನ ಕೆಳಗೂ ಬಗ್ಗಿ ನೋಡಿದ್ದರು. ಬಗ್ಗಿದಾಗ ಟೇಪು ಅವರ ಬೆನ್ನ ಹಿಂದೆ ಬೆಲ್ಟಿಗೆ ಸಿಕ್ಕಿಕೊಂಡಿರುವುದು ಟೈಲರಿಗೆ ಕಂಡಿತು.

"ಇನ್‌ಸ್ಪೆಕ್ಟರ್ ಸಾಹೇಬ್ರೇ, ಕಳ್ಳ ನಿಮ್ಮ ಸೊಂಟ ಹಿಡ್ಕೊಂಡೇ ಓಡಾಡ್ತಿದ್ದಾನೆ ನೋಡಿ!"

ಅಂದಿನಿಂದ ಆ ಹೆಸರು ನಿಂತಿತು.

ಅನುಮಾನ ಅವರ ಹುಟ್ಟುಗುಣ. ಗಿರಾಕಿ ಚೌಕಾಸಿ ಮಾಡಿದರೆ ಬೇರೆ ಕಡೆ ವಿಚಾರಿಸಿಕೊಂಡು ಬಂದಿದ್ದಾನೆ ಎನ್ನುವರು. ಮಾಡದಿದ್ದರೆ ಅವನು ಕೊಟ್ಟ ನೋಟನ್ನು ಬೆಳಕಿಗೆ ಹಿಡಿದು ನೋಡುವರು. ಬೀದಿಯ ನಾಯಿ ಅವರ ಬಾಗಿಲಲ್ಲಿ ಮಲಗಿದ್ದಕ್ಕೂ "ಇಷ್ಟು ದಿನ ಟೈಲರ್ ಅಂಗಡಿ ಮುಂದೆ ಮಲಗ್ತಿದ್ದದ್ದು ಇವತ್ತು ಇಲ್ಲಿಗೆ ಯಾಕೆ ಬಂತು?" ಎಂದು ಕೇಳಿದವರು. ಹುತ್ತ ಕಂಡಲ್ಲೆಲ್ಲ ಹಾವು ಕಾಣುವವರು ಲೋಕದಲ್ಲಿದ್ದಾರೆ. ಇವರಿಗೆ ಬರಿಯ ನೆಲ ಕಂಡರೂ ಸಾಕಿತ್ತು.

ಆದರೆ ಕೈ ಮಾತ್ರ ಬಂಗಾರದ ಕೈ. ಗಾಜಿನ ಮೇಲೆ ಪಟ್ಟಿಯಿಟ್ಟು, ವಜ್ರದ ಮೊನೆಯ ಕೊಯ್ಗತ್ತಿಯನ್ನು ಒಂದೇ ಉಸಿರಿನಲ್ಲಿ ಆ ತುದಿಯಿಂದ ಈ ತುದಿಗೆ ಎಳೆದರೆ ಮುಗಿಯಿತು. ಕೆಳಗಿನಿಂದ ಮೆಲ್ಲಗೆ ತಟ್ಟಿದರೆ ಗಾಜು ಗೆರೆಯುದ್ದಕ್ಕೂ ಹೇಳಿದ ಮಾತು ಕೇಳಿದ ಮಗುವಿನಂತೆ ಬೇರೆಯಾಗುತ್ತಿತ್ತು. ಎಳೆದ ಗೆರೆಯ ಮೇಲೆ ಎರಡನೆಯ ಸಲ ಗೆರೆ ಎಳೆಯುವವನು ಕಸುಬುದಾರನೇ ಅಲ್ಲ ಎನ್ನುವುದು ಅವರ ಸಿದ್ಧಾಂತ. ಕೈಗೆ ಅಷ್ಟು ಹಿಡಿತವಿದ್ದ ಮನುಷ್ಯನ ನಾಲಿಗೆಗೆ ಮಾತ್ರ ಲಂಗುಲಗಾಮು ಇರಲಿಲ್ಲ. ಅನುಮಾನ ತಲೆಗೆ ಬಂದರೆ ಬಾಯಿಗೆ ಬರಲು ಒಂದು ಗಳಿಗೆಯೂ ಹಿಡಿಯುತ್ತಿರಲಿಲ್ಲ.

ಆ ನಾಲಿಗೆಯಿಂದಲೇ ಒಡಹುಟ್ಟಿದ ತಮ್ಮನನ್ನು ಕಳೆದುಕೊಂಡಿದ್ದರು. ಹಿಂದೆ ಅಂಗಡಿ ಅಣ್ಣತಮ್ಮಂದಿರಿಬ್ಬರದೂ ಆಗಿತ್ತು. ಗಾಜಿನವರಲ್ಲಿ ಒಂದು ಕಟ್ಟಳೆಯಿದೆ: ದೊಡ್ಡ ಹಾಳೆಯನ್ನು ಇಬ್ಬರು ಹೊತ್ತು ನಡೆಯುವಾಗ "ಎತ್ತು", "ಇಳಿಸು", "ಮೆಟ್ಟಿಲು" ಎಂಬ ಮಾತುಗಳ ಹೊರತು ಬೇರೆ ಮಾತಾಡಬಾರದು. ಗಾಜು ಕೈಯಲ್ಲಿರುವಾಗ ಜಗಳವಿಲ್ಲ, ನಗುವೂ ಇಲ್ಲ. ಹಾಗಿದ್ದೂ ಒಂದು ದಿನ, ಅಂಗಡಿಯೊಂದರ ಮುಂಭಾಗಕ್ಕೆ ಹಾಕುವ ದೊಡ್ಡ ಗಾಜನ್ನು ಸಾಗಿಸುತ್ತಿದ್ದಾಗ ನಡುಬೀದಿಯಲ್ಲಿ ಅವರಿಗೆ ಏನೋ ಹೊಳೆಯಿತು. "ನಿನ್ನೆ ನಾನಿಲ್ಲದಾಗ ಗಲ್ಲಾಪೆಟ್ಟಿಗೆ ತೆಗೆದಿದ್ದು ನೀನೇ ತಾನೇ?" ಎಂದು ಕೇಳಿಯೇಬಿಟ್ಟರು. ತಮ್ಮ ಗಕ್ಕನೆ ತಿರುಗಿದ. ಗಾಜು ನೆಲಕ್ಕೆ ಬಿತ್ತು. ತಮ್ಮನ ಅಂಗೈಗೆ ಹೊಲಿಗೆ ಬಿತ್ತು. ಪೆಟ್ಟಿಗೆ ತೆಗೆದದ್ದು ಚಿಲ್ಲರೆಗಾಗಿ, ತೆಗೆದವರು ಅವರ ಹೆಂಡತಿ ಎಂಬುದು ಸಂಜೆ ತಿಳಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಮ್ಮ ಬೇರೆ ಊರು ಸೇರಿದವನು ಇನ್ನೂ ಈ ಹೊಸ್ತಿಲು ತುಳಿದಿಲ್ಲ.

ಆಮೇಲೆ ಅಂಗಡಿಗೆ ಬಂದವನು ಹೆಂಡತಿಯ ತಮ್ಮ. ಭಾವಮೈದುನ ಮಾತು ಕಡಿಮೆಯವನು. ಚೌಕಟ್ಟು ಕೂಡಿಸುವುದು, ಗಾಜಿನ ಅಂಚು ಉಜ್ಜುವುದು, ಕನ್ನಡಿ ಗೋಡೆಗೆ ಕೂರಿಸುವುದು ಅವನ ಪಾಲಿನ ಕೆಲಸ. ಸೇರಿದ ಹೊಸತರಲ್ಲಿ ಇನ್‌ಸ್ಪೆಕ್ಟರು ಅವನಿಗೆ ಒಂದು ಪಾಠ ಹೇಳಿಕೊಟ್ಟಿದ್ದರು.

"ನೋಡು, ಗುರುತು ಹಾಕೋ ಈ ಮೇಣದ ಪೆನ್ಸಿಲ್ ಇದೆಯಲ್ಲ, ಒಣಬಟ್ಟೇಲಿ ಒರೆಸಿದ್ರೆ ಗೆರೆ ಹೋಗುತ್ತೆ, ಜಿಡ್ಡು ಹೋಗಲ್ಲ. ಹಾ ಅಂತ ಉಸಿರು ಬಿಟ್ಟು ಉಜ್ಜಬೇಕು. ಹಿಂದೆ ಒಬ್ಬ ಪುಣ್ಯಾತ್ಮ ಸ್ನಾನದ ಮನೆಗೆ ಕನ್ನಡಿ ಹಾಕಿಸ್ಕೊಂಡ. ಮಾರನೇ ದಿನ ಓಡಿ ಬಂದ. ಬಿಸಿನೀರಿನ ಹಬೆ ತಾಗಿದ ತಕ್ಷಣ ನನ್ನ ಅಳತೆ ಲೆಕ್ಕ ಎಲ್ಲಾ ಕನ್ನಡೀಲಿ ಎದ್ದು ಬಂತಂತೆ. ಅವನ ಹೆಂಡ್ತಿ ದೆವ್ವ ಅಂದ್ಕೊಂಡು ಸೋಪು ಹಚ್ಚಿದ ಮುಖದಲ್ಲೇ ಹೊರಗೆ ಬಂದಳಂತೆ!"

ಭಾವಮೈದುನ ನಕ್ಕಿದ್ದ. ಆ ಪಾಠವನ್ನು ಅವನು ಮರೆಯಲಿಲ್ಲ. ಹೇಳಿಕೊಟ್ಟವರು ಮರೆತರು.

ಇನ್ನು ಬರವಣಿಗೆಯ ವಿಚಾರ.

ಇನ್‌ಸ್ಪೆಕ್ಟರ ಹೆಂಡತಿ ನೀರು ಸರಬರಾಜು ಕಚೇರಿಯಲ್ಲಿ ದೂರು ತೆಗೆದುಕೊಳ್ಳುವ ಕಿಟಕಿಯ ಹಿಂದೆ ಕೂರುವವರು. ಬೆಳಗಿನಿಂದ ಸಂಜೆಯವರೆಗೆ ಜನ ಬಂದು ಕೂಗಾಡುವುದನ್ನು ಕೇಳಿ ಕೇಳಿ ಆಕೆಯ ಮುಖದ ಮೇಲೊಂದು ಕದಲದ ಶಾಂತಿ ಬಂದಿತ್ತು. ಒಂದು ಸಂಜೆ ಊಟಕ್ಕೆ ಕುಳಿತಾಗ ಗಂಡ ಆರಂಭಿಸಿದರು.

"ಲೇ, ನಿನ್ನ ತಮ್ಮ ಇತ್ತೀಚೆಗೆ ಫೋನ್ ಬಂದ್ರೆ ಹೊರಗೆ ಹೋಗಿ ಮಾತಾಡ್ತಾನೆ. ಏನೋ ಮಸಲತ್ತು ನಡೆಸಿದ್ದಾನೆ."

ಆಕೆ ತಟ್ಟೆ ಪಕ್ಕಕ್ಕಿಟ್ಟು, ಚೀಲದಿಂದ ಕಚೇರಿಯ ಖಾಲಿ ಹಾಳೆಯೊಂದನ್ನು ತೆಗೆದು ಗಂಡನ ಮುಂದಿಟ್ಟರು.

"ಬಾಯಿಮಾತಿನ ದೂರು ತಗೊಳ್ಳಲ್ಲ. ಬರೆದು ಕೊಡಿ."

"ಏನೇ ಇದು ತಮಾಷೆ?"

"ತಮಾಷೆ ಅಲ್ಲ ರೀ. ಯಾರ ಮೇಲೆ ದೂರು? ಏನಾಯ್ತು? ನೀವೇ ಕಣ್ಣಾರೆ ಕಂಡಿರಾ? ಏನು ಪರಿಹಾರ ಬೇಕು? ಇಷ್ಟೂ ತುಂಬಿ. ನಮ್ಮ ಕಚೇರೀಲಿ ಪೆನ್ನು ಕೈಗೆ ಕೊಟ್ಟ ತಕ್ಷಣ ಅರ್ಧ ಜನ ಮನೆಗೆ ಹೋಗ್ತಾರೆ. ಉಳಿದ ಅರ್ಧ ಜನ 'ಕಣ್ಣಾರೆ ಕಂಡಿರಾ' ಅನ್ನೋ ಕಡೆ ಬಂದು ತಲೆ ಕೆರ್ಕೊಳ್ತಾರೆ."

"ಗಂಡನ್ನ ಕಿಟಕಿ ಮುಂದೆ ನಿಲ್ಲಿಸ್ತೀಯಾ?"

"ನಿಲ್ಲಿಸ್ತೀನಿ." ಆಕೆಯ ದನಿ ಏರಲಿಲ್ಲ. "ನಿಮ್ಮ ತಮ್ಮನ್ನ ನೀವು ಕಳ್ಕೊಂಡ್ರಿ, ನಾನು ಮಾತಾಡ್ಲಿಲ್ಲ. ನನಗಿರೋನು ಒಬ್ಬನೇ ತಮ್ಮ. ಅವನೂ ಹೋದ್ರೆ ಈ ಮನೇಲಿ ನಿಮ್ಮ ಅನುಮಾನ, ನೀವು, ಇಬ್ಬರೇ ಇರಿ. ನಾನಿರಲ್ಲ."

ಆಕೆ ಒಮ್ಮೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಂಡದ್ದಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲನ್ನು ಅರ್ಧ ಎತ್ತಿ ಒಳಗೆ ಹೋದಾಗ ಅದೇ ಅನುಮಾನ ಕಾಲಲ್ಲಿ ಮುರಿದ ಮುಳ್ಳಿನಂತೆ ಚುಚ್ಚುತ್ತಿತ್ತು. ಮಾತಾಡಬಾರದು, ಸರಿ, ನುಂಗುವುದಕ್ಕೂ ಆಗದು. ಕಾಗದದ ಮೇಲೆ ಬರೆದರೆ ಯಾರಾದರೂ ಓದಿಯಾರು ಎಂಬುದು ಇನ್ನೊಂದು ಅನುಮಾನ. ಬಾಗಿಲ ಪಕ್ಕದ ಗೋಡೆಯಲ್ಲಿ ಗಿರಾಕಿಗಳಿಗೆ ಮಾದರಿ ತೋರಿಸಲೆಂದು ಕೂರಿಸಿದ ಆಳೆತ್ತರದ ಕನ್ನಡಿಯೊಂದಿತ್ತು. ಹೆಂಡತಿಯನ್ನು ಅಣಕಿಸುವ ಹಾಗೆ ಮೇಣದ ಪೆನ್ಸಿಲ್ ತೆಗೆದು ಅದರ ಮೇಲೇ ಬರೆದರು.

'ಯಾರ ಮೇಲೆ: ಭಾವಮೈದುನ. ಏನಾಯಿತು: ಫೋನಿನಲ್ಲಿ ಕಳ್ಳಮಾತು. ಕಣ್ಣಾರೆ ಕಂಡಿರಾ:'

ಇಲ್ಲಿ ಪೆನ್ಸಿಲ್ ನಿಂತಿತು. ಅಕ್ಷರಗಳ ಸಂದಿಯಿಂದ ಅವರದೇ ಮುಖ ಇಣುಕಿ ನೋಡುತ್ತಿತ್ತು. ಕಂಡದ್ದು ಏನು? ಅವನು ಹೊರಗೆ ಹೋದದ್ದು. ಕೇಳಿದ್ದು? ಏನೂ ಇಲ್ಲ. ಹಲ್ಲು ಕಚ್ಚಿ 'ಇಲ್ಲ' ಎಂದು ಬರೆದರು. 'ಪರಿಹಾರ' ಎಂದು ಬರೆದು ಮುಂದೆ ಏನೂ ತೋಚದೆ ಖಾಲಿ ಬಿಟ್ಟರು. ಹೊರಗೆ ಹೆಜ್ಜೆ ಸಪ್ಪಳವಾಯಿತು. ಒಣಬಟ್ಟೆಯಿಂದ ಸರಸರನೆ ಒರೆಸಿ, ಏನೂ ಅರಿಯದವರಂತೆ ಟೇಪು ಕೈಗೆ ತೆಗೆದುಕೊಂಡರು.

ಆಶ್ಚರ್ಯವೆಂದರೆ ಆ ದಿನ ಮಾತು ಬಾಯಿಗೆ ಬರಲಿಲ್ಲ. ಒಮ್ಮೆ ಕೈಯಿಂದ ಹೊರಗೆ ಹೋದದ್ದಕ್ಕೆ ಮತ್ತೆ ಬಾಯಿಂದ ಹೊರಡುವ ಆತುರ ಇರಲಿಲ್ಲ.

ಹೀಗೆ ಅಣಕದಿಂದ ಆರಂಭವಾದದ್ದು ಪಾಠವಾಯಿತು. ದಿನವೂ ಬಾಗಿಲು ಅರ್ಧ ಎತ್ತುವುದು, ಕನ್ನಡಿಯ ಮುಂದೆ ನಿಲ್ಲುವುದು, ನಾಲ್ಕು ಸಾಲು ಬರೆಯುವುದು, ಒರೆಸುವುದು. ಆಮೇಲೆಯೇ ಬಾಗಿಲು ಪೂರ್ತಿ ಮೇಲಕ್ಕೆ. ಸುಲಭವಾಗಿರಲಿಲ್ಲ. ಸೋಮಾರಿತನ ಕಾಡಿದ ದಿನಗಳಿದ್ದವು. ಒಮ್ಮೆ ಬರೆಯದೆ ಬಿಟ್ಟ ದಿನವೇ ಹಾಲಿನವನ ಮೇಲೆ ಹರಿಹಾಯ್ದು, ಮನೆಯಲ್ಲಿ ಮೂರು ದಿನ ಹಾಲಿಲ್ಲದ ಚಹಾ ಕುಡಿಯಬೇಕಾಯಿತು. ಜ್ವರ ಬಂದಾಗಲೂ ಹೋಗಿ ಬರೆದರು. ಯಾರ ಮೇಲೂ ಅನುಮಾನವಿಲ್ಲದ ಅಪರೂಪದ ದಿನ ಏನು ಬರೆಯುವುದು? ಆಗಲೂ ಬಿಡಲಿಲ್ಲ. 'ಇಂದು ಯಾರ ಮೇಲೂ ಏನೂ ಇಲ್ಲ. ಎಲ್ಲರೂ ಇಷ್ಟು ಒಳ್ಳೆಯವರಾಗಿರುವುದೇ ಅನುಮಾನಕ್ಕೆ ಕಾರಣ' ಎಂದು ಬರೆದು, ಓದಿ, ತಾವೇ ನಕ್ಕುಬಿಟ್ಟರು. ಕನ್ನಡಿಯಲ್ಲಿ ತಮ್ಮ ನಗುಮುಖ ಕಂಡು, ಈ ಮನುಷ್ಯ ಯಾಕೆ ನಗುತ್ತಿದ್ದಾನೆ ಎಂದು ಅರೆಗಳಿಗೆ ಅನುಮಾನವೂ ಪಟ್ಟರು.

ಚಿಕ್ಕಂದಿನಲ್ಲಿ ಕಾಪಿ ಬರೆಯುವಾಗ ಮೊದಲ ಸಾಲು ಗುಂಡಗೆ, ಕೊನೆಯ ಸಾಲು ಕಾಗೆಕಾಲು ಗುಬ್ಬಿಕಾಲು ಆಗುವುದುಂಟು. ಇವರದು ತಿರುಗಾಮುರುಗಾ. ದಿನ ಕಳೆದಂತೆ ಅಕ್ಷರ ದುಂಡಗಾಯಿತು, ವಾಕ್ಯ ಚಿಕ್ಕದಾಯಿತು. 'ಅವನು ಕಳ್ಳ' ಎನ್ನುವ ಕಡೆ 'ಹೀಗೆ ನನಗೆ ಅನ್ನಿಸುತ್ತಿದೆ' ಎನ್ನುವುದು ಬಂತು. ಮಾತಾಡುವ ಮುಂಚೆ ಬಲಗೈ ಬೆರಳುಗಳು ಪೆನ್ಸಿಲ್ ಹಿಡಿದಂತೆ ತಾವಾಗಿಯೇ ಕೂಡಿಕೊಳ್ಳುತ್ತಿದ್ದವು. ಅಷ್ಟು ಹೊತ್ತಿಗೆ ಬಿಸಿ ಇಳಿದಿರುತ್ತಿತ್ತು.

ಇದನ್ನೆಲ್ಲ ಎದುರಿನಿಂದ ನೋಡುತ್ತಿದ್ದ ಟೈಲರಿಗೆ ನಿದ್ದೆ ಹಾರಿಹೋಗಿತ್ತು. "ಏನ್ ಸಾಹೇಬ್ರೇ, ಬಾಗಿಲು ಅರ್ಧ ಇಳಿಸ್ಕೊಂಡು ಕನ್ನಡಿ ಮೇಲೆ ಏನೋ ಬರೀತೀರಿ, ಅಳಿಸ್ತೀರಿ! ಲಾಟರಿ ನಂಬರ್ ಏನಾದ್ರೂ ಹೊಳೆಯುತ್ತಾ? ನಮಗೂ ಒಂಚೂರು ಹೇಳಿ."

"ನಿನ್ನ ಹೊಟ್ಟೆಯ ಅಳತೆ ಬರೀತೀನಿ. ಕನ್ನಡಿ ಸಾಲಲ್ಲ, ಅದಕ್ಕೇ ಅಳಿಸ್ತೀನಿ."

ಹೀಗಿರುವಾಗ ನಿಜವಾದ ಪರೀಕ್ಷೆ ಬಂತು.

ಹೇರ್ ಕಟಿಂಗ್ ಸಲೂನಿನವರು ಗೋಡೆಯಗಲದ ಕನ್ನಡಿಗಳನ್ನು ಕೇಳಿದ್ದರು. ಅದಕ್ಕೆಂದು ತರಿಸಿದ್ದ ದಪ್ಪ ಕನ್ನಡಿ ಹಾಳೆಗಳನ್ನು ಹಿಂದಿನ ಕೋಣೆಯ ಮರದ ಚೌಕಟ್ಟಿನಲ್ಲಿ ನಿಲ್ಲಿಸಿದ್ದರು. ಒಂದು ಬೆಳಿಗ್ಗೆ ನೋಡುತ್ತಾರೆ, ಒಂದು ಹಾಳೆ ಇಲ್ಲ. ಅದೇ ವಾರದಿಂದ ಭಾವಮೈದುನ ಮಧ್ಯಾಹ್ನ ಊಟಕ್ಕೆಂದು ಹೋದವನು ಬಹಳ ತಡವಾಗಿ ಬರತೊಡಗಿದ. ಅಂಗಿಯ ತೋಳಿನ ಮೇಲೆ ಅಂಚು ಉಜ್ಜಿದ ಬಿಳಿಯ ಪುಡಿ. ತಮ್ಮ ಅಂಗಡಿಯಲ್ಲಿ ಅಂದು ಯಾರೂ ಅಂಚು ಉಜ್ಜಿರಲಿಲ್ಲ!

ಉರಿಯುವ ಬೆಂಕಿಗೆ ಎಣ್ಣೆ ಸುರಿಯಲು ಟೈಲರು ಇದ್ದೇ ಇದ್ದ. "ಹಿಂದಿನ ಬೀದೀಲಿ ಹೊಸದಾಗಿ ಗಾಜಿನ ಅಂಗಡಿ ಆಗಿದೆಯಲ್ಲ, ನಿಮ್ಮ ಭಾವಮೈದುನ ಅಲ್ಲಿ ಕೂತು ಕೆಲಸ ಮಾಡ್ತಿದ್ದ. ನಾನೇ ನೋಡಿದೆ. ನನಗ್ಯಾಕೆ ಊರ ಉಸಾಬರಿ, ಹೇಳಿದೆ ಅಷ್ಟೇ."

ಇನ್ನೇನು ಬೇಕು? ಹಾಳೆ ಕದ್ದದ್ದೂ ಆಯಿತು, ಶತ್ರುವಿನ ಪಾಳಯ ಸೇರಿದ್ದೂ ಆಯಿತು. ನಾಲಿಗೆಯ ತುದಿಯಲ್ಲಿ ಮಾತು ಕುದಿಯುತ್ತಿತ್ತು. ಆ ರಾತ್ರಿ ಹೆಂಡತಿಯ ಮುಖ ನೋಡಿದರು. ಆಕೆ ಚೀಲದಲ್ಲಿ ಏನೋ ಹುಡುಕುತ್ತಿದ್ದರು. ದೂರು ಬರೆಯುವ ಆ ಖಾಲಿ ಕಾಗದವೇ ಇರಬೇಕೆಂದು ಇನ್‌ಸ್ಪೆಕ್ಟರು ಬೇಗ ಬೇಗ ಉಂಡು ಎದ್ದರು.

ಬೆಳಿಗ್ಗೆ ಬರೆದರು. 'ಯಾರ ಮೇಲೆ: ಅವನೇ. ಏನಾಯಿತು: ಹಾಳೆ ಕಾಣೆಯಾಗಿದೆ. ಕಣ್ಣಾರೆ ಕಂಡಿರಾ: ಹಾಳೆ ಇಲ್ಲದಿರುವುದನ್ನು ಕಂಡೆ. ಒಯ್ದದ್ದನ್ನು ಕಂಡಿಲ್ಲ. ಪರಿಹಾರ:' ಪೆನ್ಸಿಲ್ ಬಹಳ ಹೊತ್ತು ಗಾಜಿಗೆ ತಾಗಿಕೊಂಡೇ ನಿಂತಿತ್ತು. 'ಅವನು ಹೋಗಲಿ' ಎಂದು ಬರೆದರು. ಬರೆದದ್ದನ್ನು ಇನ್ನೊಮ್ಮೆ ಓದಿದರು. ಬಾಯಲ್ಲಾದರೆ ಎಷ್ಟು ಸಲೀಸಾಗಿ ಬರುವ ಮಾತು! ಮೊದಲು ಅದೊಂದು ಸಾಲನ್ನು ಹೆಬ್ಬೆರಳಿನಿಂದ ಉಜ್ಜಿ, ಆಮೇಲೆ ಉಳಿದದ್ದನ್ನು ಬಟ್ಟೆಯಿಂದ ಒರೆಸಿದರು.

ಮರುದಿನವೂ ಅದೇ ದೂರು, ಅದರ ಮರುದಿನವೂ ಅದೇ. ಪರಿಹಾರದ ಜಾಗ ಮಾತ್ರ ಖಾಲಿ.

ಆಮೇಲೊಂದು ಬೆಳಿಗ್ಗೆ ಹಿಂದಿನ ಕೋಣೆಗೆ ಹೋದರೆ ಹಾಳೆ ಇದೆ! ಕಾಣೆಯಾದ ಜಾಗದಲ್ಲಿಯೇ, ಎಂದೂ ಎಲ್ಲಿಗೂ ಹೋಗಿರಲಿಲ್ಲವೆಂಬಂತೆ ನಿಂತಿದೆ. ಬೇರೆಯವರಾಗಿದ್ದರೆ ನಿಟ್ಟುಸಿರು ಬಿಡುತ್ತಿದ್ದರು. ಇನ್‌ಸ್ಪೆಕ್ಟರು ಹತ್ತಿರ ಹೋಗಿ, ಬಗ್ಗಿ, ಅದರ ಅಂಚನ್ನು ನೋಡಿದರು. ಗಾಜಿನ ಬಣ್ಣ ತಿಳಿಯುವುದು ಮುಖದಲ್ಲಲ್ಲ, ಅಂಚಿನಲ್ಲಿ. ಪಕ್ಕದ ಹಾಳೆಗಳ ಅಂಚು ಎಳೆಹಸಿರು. ಇದರದು ತುಸು ನೀಲಿ. ಇದು ತಮ್ಮ ಹಾಳೆಯಲ್ಲ. ಬೇರೆ ಯಾವುದೋ ಹೊರೆಯದು.

ಕಳುವಾದದ್ದು ಒಂದು ಅನುಮಾನವಾದರೆ, ಕಳುವಾದದ್ದು ವೇಷ ಬದಲಿಸಿ ವಾಪಸು ಬಂದದ್ದು ಹತ್ತು ಅನುಮಾನ. ಅದೇ ದಿನ ಅದೇ ನೀಲಿಯಂಚಿನ ಹಾಳೆಯನ್ನು ಸಲೂನಿಗೆ ಒಯ್ಯಬೇಕಾಗಿತ್ತು.

ಇಬ್ಬರೂ ಅದನ್ನು ಎತ್ತಿದರು. ಮುಂದೆ ಭಾವಮೈದುನ, ಹಿಂದೆ ಇನ್‌ಸ್ಪೆಕ್ಟರು, ನಡುವೆ ಆಕಾಶವನ್ನೂ ಬೀದಿಯನ್ನೂ ಎಡಬಲ ಮಾಡಿ ತೋರಿಸುತ್ತ ಕನ್ನಡಿ.

"ಮೆಟ್ಟಿಲು," ಎಂದ ಭಾವಮೈದುನ.

ಇನ್‌ಸ್ಪೆಕ್ಟರು ಇಳಿದರು. ಅಷ್ಟರಲ್ಲಿ ಟೈಲರು ಹೊಲಿಗೆ ನಿಲ್ಲಿಸಿ ತಲೆಯೆತ್ತಿದ.

"ಏನ್ ಸಾಹೇಬ್ರೇ, ಭಾವ ಮೈದುನ ಇಬ್ಬರೂ ಸೇರಿ ಹೊಸ ಅಂಗಡಿಗೇ ಮಾಲು ಸಾಗಿಸ್ತಿದ್ದೀರಾ? ಒಬ್ಬನೇ ಸಾಗಿಸೋದು ಕಷ್ಟ ಆಯ್ತಾ ಪಾಪ ಅವನಿಗೆ!"

ಭಾವಮೈದುನನ ಕಿವಿ ಕೆಂಪಗಾದದ್ದು ಹಿಂದಿನಿಂದ ಕಂಡಿತು. ಇನ್‌ಸ್ಪೆಕ್ಟರ ಕೊರಳಿನ ನರ ಉಬ್ಬಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತಲ್ಲ! ಮಾತು ಹಲ್ಲಿನವರೆಗೆ ಬಂತು. ಅದೇ ಬೀದಿ, ಅಷ್ಟೇ ದೊಡ್ಡ ಗಾಜು, ಮುಂದೆ ನಡೆಯುತ್ತಿರುವುದು ಮಾತ್ರ ಇನ್ನೊಬ್ಬರ ತಮ್ಮ. ಅವರ ಬಲಗೈ ಬೆರಳುಗಳು ಅಭ್ಯಾಸಬಲದಿಂದ ಪೆನ್ಸಿಲ್ ಹಿಡಿಯಲು ಕೂಡಿಕೊಳ್ಳಹೋದವು; ಅಲ್ಲಿ ಗಾಜಿನ ಅಂಚಿತ್ತು. ಅದನ್ನೇ ಬಿಗಿಯಾಗಿ ಹಿಡಿದರು. ಯಾರ ಮೇಲೆ, ಏನಾಯಿತು, ಕಣ್ಣಾರೆ ಕಂಡೆನೇ ಎಂದು ಮನಸ್ಸಿನಲ್ಲಿಯೇ ಬರೆಯುತ್ತ ಹೆಜ್ಜೆ ಹಾಕಿದರು. ಸಲೂನಿನ ಬಾಗಿಲಿಗೆ ಬರುವ ಹೊತ್ತಿಗೆ ಪರಿಹಾರದವರೆಗೆ ಬಂದಿದ್ದರು.

"ಇಳಿಸು," ಎಂದರು. ದನಿ ಒಡೆದಿತ್ತು, ಗಾಜು ಒಡೆದಿರಲಿಲ್ಲ.

ಕನ್ನಡಿ ಗೋಡೆಗೆ ಕೂತಿತು. ಸಲೂನಿನವನು ಚಹಾ ಹೇಳಲು ಹೊರಗೆ ಹೋದ. ಗಿರಾಕಿಗಳು ಕೂರುವ ಎತ್ತರದ ಕುರ್ಚಿಗಳಲ್ಲಿ ಇಬ್ಬರೂ ಅಕ್ಕಪಕ್ಕ ಕುಳಿತರು. ಕನ್ನಡಿಯೊಳಗಿನ ಭಾವಮೈದುನನನ್ನು ನೋಡುತ್ತ ಇನ್‌ಸ್ಪೆಕ್ಟರು ಬಾಯಿ ತೆರೆದರು.

"ಒಂದು ಮಾತು ಕೇಳ್ಲಾ?"

ಆ ಮನುಷ್ಯ ಬದುಕಿನಲ್ಲಿ ಆರೋಪ ಹೊರಿಸಿದ್ದುಂಟು, ಅಪ್ಪಣೆ ಕೇಳಿದ್ದಿಲ್ಲ. ಭಾವಮೈದುನ ಬೆಚ್ಚಿ ನೋಡಿದ.

"ಕೇಳಿ ಭಾವ."

"ಈ ಹಾಳೆ ನಮ್ಮದಲ್ಲ. ಎಲ್ಲಿಂದ ಬಂತು ಅಂತ ನನಗೆ ಗೊತ್ತಿಲ್ಲ. ನಿನಗೆ ಗೊತ್ತಾ?"

ಭಾವಮೈದುನ ಅಂಗಿಯ ತೋಳನ್ನು ಮೇಲಕ್ಕೆ ಮಡಿಚಿಕೊಂಡ. ಆಮೇಲೆ ಹೇಳಿದ: "ನಮ್ಮ ಹಾಳೆ ನನ್ನ ಕೈಲೇ ಒಡೀತು ಭಾವ. ಪಕ್ಕದ್ದನ್ನ ಸರಿಸೋವಾಗ ಮೂಲೆ ತಾಗ್ತು. ನಿಮಗೆ ಹೇಳೋಕೆ ಧೈರ್ಯ ಬರ್ಲಿಲ್ಲ. ಒಡೀತು ಅಂದ್ರೆ ನೀವು ನಂಬ್ತೀರಾ? ಮಾರಿಕೊಂಡು ಕಥೆ ಕಟ್ತಿದ್ದಾನೆ ಅಂತೀರಿ. ಚೂರುಗಳನ್ನ ಗೋಣೀಲಿ ಕಟ್ಟಿ ಸಾಗಿಸ್ದೆ. ಹೊಸ ಅಂಗಡಿಯವರ ಹತ್ರ ಒಂದು ಹಾಳೆ ಕೇಳ್ದೆ. 'ಮಧ್ಯಾಹ್ನದ ಹೊತ್ತು ಅಂಚು ಉಜ್ಜಿಕೊಡು, ಹಾಳೆ ತಗೊಂಡು ಹೋಗು' ಅಂದ್ರು. ನಿನ್ನೆ ನೀವು ಮನೆಗೆ ಹೋದ ಮೇಲೆ ಅವರೂ ನಾನೂ ಹೊತ್ತು ತಂದಿಟ್ವಿ."

"ಮತ್ತೆ ಆ ಫೋನು?"

"ಹಾಳೆ ಒಡೆಯೋಕೆ ಮುಂಚಿನಿಂದಾನೂ ಅವರದೇ. ಅಂಗಡಿ ತೆಗೀಬೇಕು ಅಂತ ಇದ್ದಾಗಿಂದ ಕರೀತಿದ್ದಾರೆ. ಆಗ ಆಗಲ್ಲ ಅಂತಿದ್ದೆ. ಈಗ ನನ್ನ ಕೈಕೆಲಸ ನೋಡಿದ ಮೇಲೆ ಬಿಡ್ತಾನೇ ಇಲ್ಲ. ಯೋಚನೆ ಮಾಡಿ ಹೇಳ್ತೀನಿ ಅಂದಿದ್ದೀನಿ."

ಅಂದರೆ ಅನುಮಾನ ಸುಳ್ಳಾಗಿರಲಿಲ್ಲ. ಪೂರ್ತಿ ನಿಜವೂ ಆಗಿರಲಿಲ್ಲ. ಇವನು ಹೋಗುತ್ತಾನೆಂದು ಕಾಯುತ್ತ ಕುಳಿತವರು ಹೋಗುವ ದಾರಿಯನ್ನು ತಾವೇ ಗುಡಿಸಿ ಇಟ್ಟಿದ್ದರು.

"ನಾನು ನಿನ್ನ ಮೇಲೆ ಒಂದು ಮಾತೂ ಆಡಿರ್ಲಿಲ್ಲವಲ್ಲೋ ಇತ್ತೀಚೆಗೆ," ಎಂದರು ಮೆಲ್ಲಗೆ.

"ಆಡಿರ್ಲಿಲ್ಲ. ಬರೆದಿದ್ರಿ."

ಇನ್‌ಸ್ಪೆಕ್ಟರು ಕುರ್ಚಿಯಲ್ಲಿ ಸೆಟೆದು ಕುಳಿತರು.

"ಬಾಗಿಲ ಹತ್ರದ ಕನ್ನಡಿ ದಿನಾ ಒರೆಸೋದು ಯಾರು ಭಾವ? ನಾನು ತಾನೇ? ಹಾ ಅಂತ ಉಸಿರು ಬಿಟ್ಟು ಒರೆಸು ಅಂತ ಹೇಳಿಕೊಟ್ಟೋರು ನೀವೇ. ಮೊದಲನೇ ದಿನ ಉಸಿರು ಬಿಟ್ಟೆ, ನನ್ನ ಮೇಲಿನ ದೂರೇ ಎದ್ದು ನಿಲ್ತು. ಸ್ನಾನದ ಮನೆ ಹೆಂಗಸಿನ ಹಾಗೆ ನನಗೂ ದೆವ್ವ ಕಂಡ ಹಾಗೇ ಆಯ್ತು."

"ಅಯ್ಯೋ ಶಿವನೇ! ದಿನಾ ಓದಿದ್ಯಾ?"

"ದಿನಾ. ಮೊದಮೊದಲು ಹೊಟ್ಟೆ ಉರೀತಿತ್ತು. ಆ ಬಿಸೀಲಿ ಹಾಳೆ ಒಡೆದಾಗ, ಹೊಸ ಅಂಗಡಿಗೇ ಹೋಗಿಬಿಡೋಣ ಅಂತ ಮನಸ್ಸು ಮಾಡಿದ್ದೆ. ಆದ್ರೆ ಬೆಳಿಗ್ಗೆ ಬಂದು ಓದದೇ ಇರೋಕೆ ಆಗ್ತಿರ್ಲಿಲ್ಲ. 'ಕಳ್ಳ' ಅಂತಿದ್ದದ್ದು 'ಅನ್ನಿಸುತ್ತಿದೆ' ಆಯ್ತು. 'ಒಯ್ದದ್ದನ್ನು ಕಂಡಿಲ್ಲ' ಅಂತ ಬಂತು. ನನ್ನ ಭಾವ ಕಂಡದ್ದೆಷ್ಟು, ಕಾಣದ್ದೆಷ್ಟು ಅಂತ ಬಿಡಿಸಿ ಬರೆದದ್ದು ಅದೇ ಮೊದಲು! ನಾಳೆ ಏನು ಬರೀತಾರೋ ನೋಡೇ ಹೋಗೋಣ ಅಂತ ಒಂದೊಂದೇ ದಿನ ಮುಂದೆ ಹಾಕ್ದೆ."

ಚಹಾ ಬಂತು. ಇಬ್ಬರೂ ಕನ್ನಡಿ ನೋಡುತ್ತ ಕುಡಿದರು. ಇನ್‌ಸ್ಪೆಕ್ಟರ ಕಿವಿ ಈಗ ಭಾವಮೈದುನನ ಕಿವಿಗಿಂತ ಕೆಂಪಾಗಿತ್ತು.

"ಹಾಗಾದ್ರೆ... ಇರ್ತೀಯೋ, ಹೋಗ್ತೀಯೋ?"

ಭಾವಮೈದುನ ಲೋಟ ಕೆಳಗಿಟ್ಟ. "ಎಲ್ಲಾ ತುಂಬ್ತೀರಿ, ಪರಿಹಾರ ಅನ್ನೋ ಜಾಗ ಮಾತ್ರ ದಿನಾ ಖಾಲಿ. ಒಂದು ದಿನ ಏನೋ ಬರೆದು ಬೆರಳಲ್ಲಿ ಉಜ್ಜಿದ್ರಿ, ಅದು ಮಾತ್ರ ಓದೋಕೆ ಆಗ್ಲಿಲ್ಲ. ನಾಳೆ ಅದನ್ನ ತುಂಬಿ ಭಾವ. ನೋಡಿ ಹೇಳ್ತೀನಿ."

ಆ ರಾತ್ರಿ ಇನ್‌ಸ್ಪೆಕ್ಟರು ಹೆಂಡತಿಗೆ ಎಲ್ಲವನ್ನೂ ಹೇಳಿದರು. ಆಕೆ ಕೇಳಿ, "ಇದೂ ಬಾಯಿಮಾತೇ ಆಯ್ತಲ್ಲ" ಎಂದಷ್ಟೇ ಅಂದು ದೀಪ ಆರಿಸಿದರು. ಕತ್ತಲಲ್ಲಿ ಆಕೆಯೂ ಬಹಳ ಹೊತ್ತು ಮಗ್ಗುಲು ಬದಲಿಸುತ್ತಿದ್ದದ್ದು ಅವರಿಗೆ ತಿಳಿಯುತ್ತಿತ್ತು.

ಬೆಳಿಗ್ಗೆ ಬಾಗಿಲು ಅರ್ಧ ಎತ್ತಿ ಕನ್ನಡಿಯ ಮುಂದೆ ನಿಂತರು. ಈಗ ಬರೆಯುವುದು ಮೊದಲಿನಂತೆ ಸುಲಭವಲ್ಲ, ಓದುವವನಿದ್ದಾನೆಂದು ಗೊತ್ತಾಗಿದೆ. ಒಳ್ಳೆಯ ಮಾತು ನಾಲ್ಕು ಬರೆದುಬಿಟ್ಟರೆ ಕೆಲಸವಾಗುತ್ತದೆ. ಆದರೆ ಇಷ್ಟು ದಿನ ಆ ಗಾಜಿನ ಮೇಲೆ ಮನಸ್ಸಿನಲ್ಲಿ ಇಲ್ಲದ್ದನ್ನು ಬರೆದವರಲ್ಲ. ಇಂದು ಬರೆದರೆ ಕೈ ಒಪ್ಪದು. ಮನಸ್ಸಿನಲ್ಲಿ, ನಿಜ ಹೇಳಬೇಕೆಂದರೆ, ಇನ್ನೂ ಒಂದು ಮುಳ್ಳಿತ್ತು. ಅದನ್ನೂ ಬರೆದರು.

'ಯಾರ ಮೇಲೆ: ಭಾವಮೈದುನ. ಏನಾಯಿತು: ಹಾಳೆ ಒಡೆಯಿತು ಎಂದು ನಿನ್ನೆ ಹೇಳಿದ. ಕಥೆ ಕಟ್ಟಿರಬಹುದೇ ಎಂದು ರಾತ್ರಿ ಒಮ್ಮೆ ಅನ್ನಿಸಿತು. ಕಣ್ಣಾರೆ ಕಂಡಿರಾ: ಒಡೆದದ್ದನ್ನು ಕಂಡಿಲ್ಲ. ಅವನ ತೋಳಿನ ಮೇಲಿನ ಪುಡಿಯನ್ನು ಕಂಡಿದ್ದೇನೆ. ಹಾಳೆ ಬಂದದ್ದನ್ನು ಕಂಡಿದ್ದೇನೆ. ಪರಿಹಾರ:'

ಪಟ್ಟಿಯಿಟ್ಟು ಗಾಜು ಕೊಯ್ಯುವಾಗಿನಂತೆ ಉಸಿರು ಬಿಗಿಹಿಡಿದು, ಎರಡನೆಯ ಸಲ ತಿದ್ದದಂತೆ ಬರೆದರು. 'ಅವನು ಇರಬೇಕು.'

ಹೊರಗೆ ಹೆಜ್ಜೆ ಸಪ್ಪಳವಾಯಿತು. ಕೈ ತಾನಾಗಿಯೇ ಬಟ್ಟೆಯ ಕಡೆಗೆ ಹೋಯಿತು. ಇನ್‌ಸ್ಪೆಕ್ಟರು ಬಟ್ಟೆಯನ್ನು ಮೇಜಿನ ಮೇಲಿಟ್ಟು, ಹಿಂದಿನ ಕೋಣೆಗೆ ಹೋಗಿ ಹಾಳೆಗಳಿಗೆ ಬೆನ್ನು ಮಾಡಿ ನಿಂತರು.

ಭಾವಮೈದುನ ಬಗ್ಗಿ ಒಳಗೆ ಬಂದದ್ದು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಓದುತ್ತಿದ್ದಾನೋ, ತಿರುಗಿ ಹೋದನೋ, ನಗುತ್ತಿದ್ದಾನೋ? ಬಾಗಿಲ ಸಂದಿಯಿಂದ ಇಣುಕಿದರೆ ಗೊತ್ತಾಗುತ್ತಿತ್ತು. ಇಣುಕಲಿಲ್ಲ. ಅದೂ ಒಂದು ಅಭ್ಯಾಸವೇ. ಅಂದು ಅದರ ಮೊದಲ ದಿನ.

"ಭಾವ!" ಕೊನೆಗೊಮ್ಮೆ ದನಿ ಬಂತು. "ಕಥೆ ಕಟ್ಟೋ ಬುದ್ಧಿ ನನಗಿದ್ದಿದ್ರೆ ನಿಮ್ಮ ಹತ್ರ ಇಷ್ಟು ವರ್ಷ ಅಂಚು ಉಜ್ಜುತಿದ್ನಾ?"

"ಅದೂ ಸರಿಯೇ," ಎಂದರು ಇನ್‌ಸ್ಪೆಕ್ಟರು ಒಳಗಿನಿಂದಲೇ.

"ಗೋಣಿ ಇನ್ನೂ ನಮ್ಮ ಹಿತ್ತಲಲ್ಲೇ ಇದೆ. ಸಂಜೆ ಬಂದು ಚೂರು ಜೋಡಿಸಿ ನೋಡಿ ಬೇಕಾದ್ರೆ. ಅಂಚು ಎಳೆಹಸಿರೇ!"

ಸಂಜೆ ಹೋಗಿ ನೋಡಬೇಕೆಂಬ ಆಸೆ ಬಂದದ್ದು ನಿಜ. ಅದನ್ನು ನಾಳೆ ಬರೆಯೋಣ ಎಂದುಕೊಂಡು ಹೊರಗೆ ಬಂದರು. ಭಾವಮೈದುನ ಕನ್ನಡಿಗೆ ಹಾ ಎಂದು ಉಸಿರು ಬಿಟ್ಟು, ಬಟ್ಟೆಯಿಂದ ಮೇಲಿನಿಂದ ಕೆಳಗಿನವರೆಗೆ ಉಜ್ಜುತ್ತಿದ್ದ. ಕೊನೆಯ ಸಾಲಿನ ಹತ್ತಿರ ಕೈ ನಿಧಾನವಾಯಿತು. ಅದನ್ನು ಒರೆಸಲಿಲ್ಲ.

"ಸಲೂನಿನವರ ಎರಡನೇ ಕನ್ನಡಿ ಇವತ್ತೇ ಕೂರಿಸಬೇಕು. ಹೊಸ ಅಂಗಡಿಯವರಿಗೆ ಆಗಲ್ಲ ಅಂತ ಫೋನ್ ಮಾಡಿಬಿಡ್ತೀನಿ, ಆಮೇಲೆ ಎತ್ತೋಣ."

ಅವನು ಫೋನು ತೆಗೆದ. ಅಭ್ಯಾಸದಂತೆ ಒಂದು ಹೆಜ್ಜೆ ಹೊರಗೆ ಇಟ್ಟವನು, ಏನೋ ನೆನಪಾಗಿ, ತಿರುಗಿ ಭಾವನ ಪಕ್ಕದಲ್ಲಿಯೇ ನಿಂತು ನಂಬರು ಒತ್ತಿದ. ಇನ್‌ಸ್ಪೆಕ್ಟರು ಕೇಳಿಸಿಕೊಳ್ಳದವರಂತೆ ಬಾಗಿಲನ್ನು ಪೂರ್ತಿ ಮೇಲಕ್ಕೆತ್ತಿದರು. ಎದುರು ಸಾಲಿನಲ್ಲಿ ಟೈಲರು ಸೂಜಿ ಬಾಯಲ್ಲಿ ಕಚ್ಚಿಕೊಂಡು, ಕತ್ತು ಉದ್ದ ಮಾಡಿ, ಕನ್ನಡಿಯಲ್ಲಿ ಉಳಿದಿದ್ದ ಆ ಒಂದು ಸಾಲನ್ನು ಓದಲು ಕಣ್ಣು ಕಿರಿದು ಮಾಡುತ್ತಿದ್ದ.